ಮೊದಲ ಸಲದ ಟಿಬಿಗೇ ಮಾತ್ರೆ ನಾಟದಿದ್ದರೆ? ಭಾನುವಾರದ ಪ್ರಶ್ನೋತ್ತರ

ಅಡ್ಮಿನ್ (ಸಂಜೆ 7:50): ಎಲ್ಲರಿಗೂ ನಮಸ್ಕಾರ. ಈ ವಾರ ಟಿಬಿ. ಶಿವಮೊಗ್ಗದಲ್ಲಿ ಶ್ವಾಸಕೋಶದ ಕಾಯಿಲೆ ನೋಡುವ ನಮ್ಮ ಡಾಕ್ಟರ್ ಮೇಡಂ 8ರಿಂದ ಉತ್ತರ ಕೊಡುತ್ತಾರೆ. ರೋಗಿಯ ಹೆಸರು, ಫೋನ್ ನಂಬರ್, ರಿಪೋರ್ಟಿನ ಫೋಟೋ ಹಾಕಬೇಡಿ. ಫಾರ್ವರ್ಡ್ ಮೆಸೇಜು ಹಾಕಬೇಡಿ. ಕಳೆದ ಸಲ ಆದ ಗಲಾಟೆ ಸಾಕು.

ಸೋಗೆಮನೆ (8:02): ಮೇಡಂ, ನಮ್ಮದು ಹೊಸನಗರ ತಾಲ್ಲೂಕು. ನನ್ನ ತಮ್ಮನಿಗೆ 27 ವರ್ಷ. ಎರಡು ತಿಂಗಳಿಂದ ಕೆಮ್ಮು, ಸಂಜೆಯಾದರೆ ಜ್ವರ. ತೂಕ 58 ಇದ್ದದ್ದು 51ಕ್ಕೆ ಇಳಿದಿದೆ. ಮೊದಲು ಮಂಗನ ಕಾಯಿಲೆ ಅಂತ ಹೆದರಿ ರಕ್ತ ಕೊಟ್ಟೆವು, ಅದಲ್ಲ ಅಂದರು. ಈಗ ಸಿಬಿನಾಟ್, ಅಂದರೆ ಯಂತ್ರಕ್ಕೆ ಕಫ ಹಾಕಿ ನೋಡುವ ಪರೀಕ್ಷೆಯ ರಿಪೋರ್ಟ್ ಬಂದಿದೆ. ಟಿಬಿ ಇದೆ, ‘ವೆರಿ ಲೋ’, ‘ರಿಫಾಂಪಿಸಿನ್ ರೆಸಿಸ್ಟೆನ್ಸ್ ಡಿಟೆಕ್ಟೆಡ್’ ಅಂತ ಬರೆದಿದ್ದಾರೆ. ಅಂದರೆ ರಿಫಾಂಪಿಸಿನ್ ಅನ್ನೋ ಟಿಬಿ ಮಾತ್ರೆ ನಾಟುವುದಿಲ್ಲವಂತೆ. ಅವನು ಹುಟ್ಟಿದಾಗಿಂದ ಟಿಬಿ ಮಾತ್ರೆ ಒಂದೂ ನುಂಗಿದವನಲ್ಲ. ಅರ್ಧಕ್ಕೆ ಮಾತ್ರೆ ಬಿಟ್ಟವರಿಗಷ್ಟೇ ಹೀಗಾಗುತ್ತದೆ ಅಂತ ಕೇಳಿದ್ದೆ. ರಿಪೋರ್ಟ್ ತಪ್ಪಿರಬಹುದಾ?

ತುಂಗೆಯ ದಡ (8:04): ನನ್ನದೂ ಒಂದು ಪ್ರಶ್ನೆ. ಅಮ್ಮನಿಗೆ 54, ಶುಗರ್ ಇದೆ. ಟಿಬಿ ಮಾತ್ರೆ ಶುರು ಮಾಡಿ ಎರಡು ತಿಂಗಳು ತುಂಬಿತು. ಒಂದು ದಿನವೂ ತಪ್ಪಿಸಿಲ್ಲ, ನಾನೇ ಎದುರು ನಿಂತು ಕೊಡುತ್ತೇನೆ. ಆದರೂ ಕಫದಲ್ಲಿ ಇನ್ನೂ ಕ್ರಿಮಿ ಕಾಣುತ್ತಿದೆ ಅಂದರು. ಸಿಬಿನಾಟ್‌ನಲ್ಲಿ ರೆಸಿಸ್ಟೆನ್ಸ್ ಇಲ್ಲ ಅಂತಲೇ ಬಂದಿತ್ತು.

ಗಾಜನೂರು ಗೆಳೆಯ (8:05): ಮಾತ್ರೆ ತಗೊಂಡರೆ ಮೂತ್ರ ಕೆಂಪಗೆ ಹೋಗ್ತಿದೆ. ರಕ್ತವಾ ಮೇಡಂ?

ಡಾಕ್ಟರ್ (8:09): ಗಾಜನೂರಿನವರಿಗೆ: ರಕ್ತ ಅಲ್ಲ. ರಿಫಾಂಪಿಸಿನ್ ಬಣ್ಣ ಅದು. ಬೆವರು, ಕಣ್ಣೀರಿಗೂ ಬರುತ್ತದೆ. ಮಾತ್ರೆ ಮುಂದುವರಿಸಿ.

ಡಾಕ್ಟರ್ (8:26): ಸೋಗೆಮನೆಯವರೇ, ರಿಪೋರ್ಟ್ ತಪ್ಪಾ ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಮೊದಲು ನೀವು ಕೇಳಿಸಿಕೊಂಡ ಮಾತು. ಅರ್ಧಕ್ಕೆ ಬಿಟ್ಟವರಿಗಷ್ಟೇ ಆಗುತ್ತದೆ ಅನ್ನೋದು ಅರ್ಧ ನಿಜ. ಮದ್ದಿಗೆ ಬಗ್ಗದ ಕ್ರಿಮಿ ತಯಾರಾಗೋದು ಅಂಥವರ ಎದೆಯಲ್ಲಿ. ಆದರೆ ಅದು ಅಲ್ಲೇ ಕೂರುವುದಿಲ್ಲ ಅಲ್ವಾ? ಅವರು ಕೆಮ್ಮಿದಾಗ ಗಾಳಿಗೆ ಬರುತ್ತದೆ. ಆ ಗಾಳಿ ಉಸಿರಾಡಿ ಟಿಬಿ ಬಂದವನಿಗೆ ಮೊದಲ ದಿನದಿಂದಲೇ ಮಾತ್ರೆ ನಾಟುವುದಿಲ್ಲ. ಅವನು ಏನೂ ತಪ್ಪು ಮಾಡಿರಬೇಕಾಗಿಲ್ಲ. ನಿಮ್ಮ ತಮ್ಮನಿಗೆ ಮನೆಯಲ್ಲಿ ಯಾರೂ ಬೈಯಬೇಡಿ.

ಇದು ಅಪರೂಪವೂ ಅಲ್ಲ. 2014-16ರಲ್ಲಿ ನಮ್ಮ ದೇಶದಲ್ಲೇ ದೊಡ್ಡ ಸಮೀಕ್ಷೆ ಆಯಿತು. ಮುಂಚೆ ಮಾತ್ರೆ ತೆಗೆದುಕೊಂಡವರಲ್ಲಿ ಎಂಡಿಆರ್, ಅಂದರೆ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಅನ್ನೋ ಎರಡು ಮುಖ್ಯ ಮಾತ್ರೆಗೂ ಬಗ್ಗದ ಟಿಬಿ, ಶೇಕಡಾ 11.62 ಇತ್ತು. ಹೊಸ ರೋಗಿಗಳಲ್ಲಿ ಶೇಕಡಾ 2.84. ಕಡಿಮೆ ಅನಿಸಬಹುದು. ಆದರೆ ಯಾವುದಾದರೂ ಒಂದು ಟಿಬಿ ಔಷಧಿಗೆ ಬಗ್ಗದವರನ್ನೆಲ್ಲ ಎಣಿಸಿದರೆ ಹೊಸಬರಲ್ಲೇ ಶೇಕಡಾ 22.54.

ಈಗ ರಿಪೋರ್ಟು. ಇಲ್ಲಿ ನನಗೂ ಅನುಮಾನ ಇದೆ, ಕಾರಣ ಹೇಳುತ್ತೇನೆ. ನೂರು ಹೊಸ ರೋಗಿಗಳ ಕಫ ಯಂತ್ರಕ್ಕೆ ಹಾಕಿದೆವು ಅಂದುಕೊಳ್ಳಿ. ಮೂರು ಜನರಿಗೆ ನಿಜವಾಗಿ ರೆಸಿಸ್ಟೆನ್ಸ್ ಇರುತ್ತದೆ. ಉಳಿದ 97 ಜನರಲ್ಲಿ ಯಂತ್ರ ನೂರಕ್ಕೆ 98 ಸಲ ಸರಿ ಹೇಳುತ್ತದೆ. ಒಳ್ಳೆಯ ಯಂತ್ರವೇ. ಆದರೂ ಇಬ್ಬರಿಗೆ ಸುಮ್ನೆ ‘ಇದೆ’ ಅಂದುಬಿಡುತ್ತದೆ. ಒಟ್ಟು ಐದು ರಿಪೋರ್ಟ್ ಬಂದರೆ ಅದರಲ್ಲಿ ಎರಡು ಸುಳ್ಳು! ಅದಕ್ಕೇ ಹೊಸ ರೋಗಿಗೆ ಹೀಗೆ ಬಂದಾಗ ಇನ್ನೊಂದು ಕಫ ತೆಗೆದು ಮತ್ತೆ ಪರೀಕ್ಷೆ ಮಾಡಿಸುತ್ತೇವೆ. ‘ವೆರಿ ಲೋ’ ಅಂದರೆ ಕಫದಲ್ಲಿ ಕ್ರಿಮಿ ತೀರಾ ಕಡಿಮೆ ಇತ್ತು ಅಂತ. ಸುಳ್ಳು ಫಲಿತಾಂಶ ಬರೋದು ಅಂಥ ಕಫದಲ್ಲೇ ಜಾಸ್ತಿ.

ಹಾಗಂತ ರಿಪೋರ್ಟ್ ತಪ್ಪು ಅಂತ ನಾನು ಹೇಳಲಿಲ್ಲ. ಗಮನಿಸಿ. ನಾಲ್ಕು ವಿಷಯ ಹೇಳಿ. ಮನೆಯಲ್ಲಿ, ನೆಂಟರಲ್ಲಿ ಯಾರಿಗಾದರೂ ಟಿಬಿ ಇತ್ತಾ? ಯಾರಾದರೂ ತಿಂಗಳುಗಟ್ಟಲೆ ಕೆಮ್ಮಿ ತೀರಿಕೊಂಡರಾ? ತಮ್ಮ ಹೊರ ಊರಿನಲ್ಲಿ ಕೆಲಸದಲ್ಲಿದ್ದನಾ, ಯಾರ ಜೊತೆ ರೂಮಿನಲ್ಲಿದ್ದ? ಈ ಎರಡು ತಿಂಗಳಲ್ಲಿ ಕೆಮ್ಮಿಗೆ ಏನೇನು ಮಾತ್ರೆ ತಿಂದ?

ಮಲೆನಾಡ ಸಿರಿ (8:31): *ತಪ್ಪದೆ ಓದಿ* ಆಡುಸೋಗೆ ಎಲೆಯ ರಸ 2 ಚಮಚ, ಬೆಳ್ಳುಳ್ಳಿ 11 ಎಸಳು ಹಾಲಿನಲ್ಲಿ ಬೇಯಿಸಿ, ಜೇನುತುಪ್ಪ ಸೇರಿಸಿ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ 48 ದಿನ. ಎಂಥ ಹಳೆಯ ಕ್ಷಯವೂ ಬುಡಸಹಿತ ಮಾಯ. ಇಂಗ್ಲಿಷ್ ಔಷಧಿ ಕಂಪನಿಗಳು ಇದನ್ನು ಮುಚ್ಚಿಟ್ಟಿವೆ. 10 ಗುಂಪುಗಳಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ 🙏🙏

ಅಡ್ಮಿನ್ (8:32): ಸಿರಿಯವರೇ, ನಿಯಮ ಓದಿದ್ದೀರಾ?

ಡಾಕ್ಟರ್ (8:36): ಅಳಿಸಬೇಡಿ, ಇರಲಿ. ಆಡುಸೋಗೆಯನ್ನು ಯಾರೂ ಮುಚ್ಚಿಟ್ಟಿಲ್ಲ. ಅದರಲ್ಲಿರುವ ವಾಸಿಸಿನ್ ಅನ್ನೋ ಅಂಶದ ಜಾಡು ಹಿಡಿದೇ ಬ್ರೋಮ್‌ಹೆಕ್ಸಿನ್ ಮಾಡಿದರು. ನಿಮ್ಮ ಕೆಮ್ಮಿನ ಸಿರಪ್ಪಿನಲ್ಲಿ ಅದು ಇರಬಹುದು, ಬಾಟಲಿ ತಿರುಗಿಸಿ ನೋಡಿ. ಕಫ ಸಡಿಲ ಮಾಡುತ್ತದೆ. ಟಿಬಿ ವಾಸಿ ಮಾಡುವುದಿಲ್ಲ. ಅಪಾಯ ಇರೋದು ಅಲ್ಲೇ. ಕೆಮ್ಮು ಸ್ವಲ್ಪ ತಗ್ಗುತ್ತದೆ, ‘ನೋಡು, ನಾಟಿತು’ ಅಂತ ಕಫ ಪರೀಕ್ಷೆ ಮುಂದೆ ಹಾಕುತ್ತಾರೆ. ಆ 48 ದಿನ ಮನೆಯ ಮಕ್ಕಳು ಅದೇ ಗಾಳಿ ಕುಡಿಯುತ್ತಿರುತ್ತಾರೆ. ಪುಣ್ಯ ಯಾರಿಗೆ?

ಮಲೆನಾಡ ಸಿರಿ (8:38): ನಮ್ಮ ಅಜ್ಜಿ ಇದನ್ನೇ ಕುಡಿದು 92 ವರ್ಷ ಬದುಕಿದರು.

ಹೊಸನಗರದ ಮೇಷ್ಟ್ರು (8:39): ಅಜ್ಜಿಗೆ ಟಿಬಿ ಇತ್ತಾ?

ಮಲೆನಾಡ ಸಿರಿ (8:39): ಇರಲಿಲ್ಲ. ಕುಡಿದದ್ದಕ್ಕೇ ಬರಲಿಲ್ಲ.

ಕೆಳದಿ ಕಣ (8:41): ಟಿಬಿಗೆ ಹಾಲು ಕುಡಿಯಬಹುದಾ?

ಡಾಕ್ಟರ್ (8:42): ಕುಡಿಯಿರಿ. ಲಿವೋಫ್ಲಾಕ್ಸಾಸಿನ್ ಅಥವಾ ಮಾಕ್ಸಿಫ್ಲಾಕ್ಸಾಸಿನ್ ಕೊಟ್ಟಿದ್ದರೆ ಮಾತ್ರೆಯ ಜೊತೆಗೇ ಬೇಡ, ಕೆಲವು ಗಂಟೆ ಬಿಡಿ. ಗ್ಯಾಸ್ಟ್ರಿಕ್ ಔಷಧಿಗೂ ಹಾಗೇ, ಕೇಳಿಕೊಂಡೇ ತೆಗೆದುಕೊಳ್ಳಿ.

ಡಾಕ್ಟರ್ (8:55): ತುಂಗೆಯ ದಡದವರೇ, ನೀವು ಸರಿಯಾಗಿಯೇ ಮಾಡಿದ್ದೀರಿ. ಸಿಬಿನಾಟ್ ನೋಡೋದು ರಿಫಾಂಪಿಸಿನ್ ಒಂದನ್ನೇ. ‘ರೆಸಿಸ್ಟೆನ್ಸ್ ಇಲ್ಲ’ ಅಂತ ಬಂದರೆ ಆ ಒಂದಕ್ಕೆ ಇಲ್ಲ ಅಂತ ಅರ್ಥ. ಐಸೋನಿಯಾಜಿಡ್ ಕಥೆ ಅದು ಹೇಳುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಐಸೋನಿಯಾಜಿಡ್‌ಗೆ ಬಗ್ಗದವರು ಹೊಸ ರೋಗಿಗಳಲ್ಲಿ ಶೇಕಡಾ 11.06, ಒಂಬತ್ತು ಜನರಲ್ಲಿ ಒಬ್ಬರು. ಅದನ್ನು ನೋಡಲು ಎಲ್‌ಪಿಎ ಅನ್ನೋ ಪರೀಕ್ಷೆ ಬೇರೆ ಇದೆ. ಶುರುವಿನಲ್ಲಿ ಕಳಿಸಿದ್ದರೆ ರಿಪೋರ್ಟ್ ಎಲ್ಲೋ ಕಡತದಲ್ಲಿ ಇರಬೇಕು. ನಾಳೆ ಹೋಗಿ ‘ಎಲ್‌ಪಿಎ ರಿಪೋರ್ಟ್ ಏನಾಯಿತು’ ಅಂತ ಇದೇ ಮಾತಿನಲ್ಲಿ ಕೇಳಿ. ಕಳಿಸಿಲ್ಲ ಅಂದರೆ ಈಗ ಕಳಿಸಲು ಹೇಳಿ. ಐಸೋನಿಯಾಜಿಡ್ ಒಂದೇ ಕೈಕೊಟ್ಟಿದ್ದರೆ ಲಿವೋಫ್ಲಾಕ್ಸಾಸಿನ್, ರಿಫಾಂಪಿಸಿನ್, ಎಥಾಂಬುಟಾಲ್, ಪಿರಾಜಿನಮೈಡ್ ನಾಲ್ಕೂ ಸೇರಿಸಿ 6 ತಿಂಗಳು ಕೊಡುವ ಕ್ರಮ ಇದೆ. ಆದರೆ ಪರೀಕ್ಷೆ ಇಲ್ಲದೆ, ನಡೆಯುತ್ತಿರುವ ಮಾತ್ರೆಗೆ ಯಾರಾದರೂ ಇನ್ನೊಂದೇ ಒಂದನ್ನು ಸೇರಿಸಿಕೊಡುತ್ತೇನೆ ಅಂದರೆ ಬೇಡ ಅನ್ನಿ. ಸೋಲುತ್ತಿರುವ ಮದ್ದಿಗೆ ಒಂದನ್ನೇ ಸೇರಿಸಿದರೆ ಆ ಹೊಸದೂ ಹಾಳಾಗುತ್ತದೆ. ಶುಗರ್ ಎಷ್ಟಿದೆ ಬರೆಯಿರಿ. ಅದು ಹತೋಟಿಯಲ್ಲಿ ಇಲ್ಲದಿದ್ದರೂ ಕಫ ಬೇಗ ತಿಳಿಯಾಗುವುದಿಲ್ಲ.

ಇನ್ನೊಂದು. ಎರಡು ತಿಂಗಳ ಮೇಲೆ ಕ್ರಿಮಿ ಕಂಡದ್ದು ಸೂಕ್ಷ್ಮದರ್ಶಕದಲ್ಲಾ, ಸಿಬಿನಾಟ್‌ನಲ್ಲಾ? ಸಿಬಿನಾಟ್ ಸತ್ತ ಕ್ರಿಮಿಯನ್ನೂ ಎಣಿಸುತ್ತದೆ. ಚಿಕಿತ್ಸೆ ನಾಟಿತಾ ಅಂತ ನೋಡಲು ಅದು ಆಗುವುದಿಲ್ಲ.

ತುಂಗೆಯ ದಡ (8:58): ಸೂಕ್ಷ್ಮದರ್ಶಕದಲ್ಲೇ ಮೇಡಂ. ಶುಗರ್ ಊಟದ ನಂತರ 290. ಎಲ್‌ಪಿಎ ಹೆಸರೇ ನಾವು ಕೇಳಿರಲಿಲ್ಲ.

ಡಾಕ್ಟರ್ (8:59): 290 ಜಾಸ್ತಿ ಆಯಿತು. ಎರಡೂ ಕೆಲಸ ಈ ವಾರವೇ ಆಗಬೇಕು.

ಕಾಫಿ ಗಿಡ (9:01): ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಇದೆಲ್ಲ ಇರಲಿಲ್ಲ. ಹೊರಗಿನಿಂದ ಕೆಲಸಕ್ಕೆ ಬರುವವರು ಹೊತ್ತು ತರುತ್ತಿದ್ದಾರೆ. ಅವರನ್ನು ಮೊದಲು ಚೆಕ್ ಮಾಡಿ.

ಹೊಸನಗರದ ಮೇಷ್ಟ್ರು (9:03): ಇರಲಿಲ್ಲವಾ? ನಮ್ಮ ಅಜ್ಜಂದಿರ ಕಾಲದಲ್ಲಿ ಎಷ್ಟು ಮನೆಯಲ್ಲಿ ‘ಕ್ಷಯ’ ಅನ್ನೋ ಪದ ಮೆತ್ತಗೆ ಹೇಳುತ್ತಿದ್ದರು ಗೊತ್ತಾ ನಿಮಗೆ?

ಆಶಾ ಅಕ್ಕ (9:05): ಅವರನ್ನು ಚೆಕ್ ಮಾಡೋಕೆ ನಾನು ಹೋಗುತ್ತೇನೆ ಅಣ್ಣ. ನಿಮ್ಮಂಥ ತೋಟದವರೇ ಕೆಲಸ ಕೆಡುತ್ತದೆ ಅಂತ ಗೇಟಿನಿಂದ ವಾಪಸ್ ಕಳಿಸುತ್ತಾರೆ. ಒಂದು ಶೆಡ್ಡಿನಲ್ಲಿ 14 ಜನ ಮಲಗುತ್ತಾರೆ. ಅದಕ್ಕೆ ಕಿಟಕಿ ಎಷ್ಟು?

ಕಾಫಿ ಗಿಡ (9:06): ನನ್ನ ಶೆಡ್ಡು ನೀವು ನೋಡಿದ್ದೀರಾ?

ಆಶಾ ಅಕ್ಕ (9:06): ನಿಮ್ಮದು ಅಂತ ಹೇಳಲಿಲ್ಲ. ನಿಮಗೇಕೆ ಹಾಗೆ ಅನಿಸಿತು?

ಅಡ್ಮಿನ್ (9:07): ಇಬ್ಬರೂ ಇಲ್ಲಿಗೆ ಬಿಡಿ.

ಮಂಜಿನ ಹಾದಿ (9:08): ತಂಗಿಗೆ ಮದುವೆ ಗೊತ್ತಾಗಿದೆ. ಟಿಬಿ ಮಾತ್ರೆ ನಾಲ್ಕನೇ ತಿಂಗಳು ನಡೆಯುತ್ತಿದೆ. ಹುಡುಗನ ಮನೆಯವರಿಗೆ ಹೇಳಬೇಕಾ ಮೇಡಂ?

ಕಾಗೋಡು ಕಾಕಾ (9:09): ಮೂತ್ರ ಕೇಸರಿ ಬಣ್ಣ ಆಗಿದೆ, ಕಿಡ್ನಿ ತೊಂದರೆಯಾ?

ಡಾಕ್ಟರ್ (9:10): 8:09 ನೋಡಿ.

ಸೋಗೆಮನೆ (9:12): ಮೇಡಂ, ಸ್ವಲ್ಪ ತಡವಾಯಿತು, ಅಮ್ಮನ ಹತ್ತಿರ ಕೇಳಿಕೊಂಡು ಬಂದೆ. ಬೆಂಗಳೂರಿನಲ್ಲಿ ಒಂದು ವರ್ಷ ಪಿಜಿಯಲ್ಲಿದ್ದ, ರೂಮಿನಲ್ಲಿ ಯಾರಿಗೂ ಕೆಮ್ಮು ಇರಲಿಲ್ಲವಂತೆ. ಕೆಮ್ಮಿಗೆ ಅಂಗಡಿಯಲ್ಲಿ ಕೇಳಿ ಐದೈದು ದಿನದ ಕೋರ್ಸು ಎರಡು ಸಲ ತಿಂದಿದ್ದಾನೆ, ಒಂದರ ಮೇಲೆ ಲಿವೋಫ್ಲಾಕ್ಸಾಸಿನ್ ಅಂತ ಇದೆ. ಇನ್ನೊಂದು ವಿಷಯ. ನಮ್ಮ ದೊಡ್ಡಪ್ಪ ಹೋದ ವರ್ಷ ಆಷಾಢದಲ್ಲಿ ತೀರಿಕೊಂಡರು. ಎಲ್ಲರಿಗೂ ‘ದಮ್ಮು’ ಅಂತ ಹೇಳಿದ್ದೆವು. ಈಗ ಅಮ್ಮ ಹೇಳುತ್ತಿದ್ದಾರೆ, ಅದು ಟಿಬಿಯಂತೆ. ಎರಡು ತಿಂಗಳು ಮಾತ್ರೆ ತಿಂದು, ಮೈ ತುಂಬಿಕೊಂಡಿತು ಅಂತ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಬಿಟ್ಟರಂತೆ. ಮತ್ತೆ ಕೆಮ್ಮು ಬಂದಾಗ ಮನೆಯಲ್ಲಿ ಉಳಿದಿದ್ದ ಮಾತ್ರೆಯನ್ನೇ ಬೇಕಾದಾಗ ನುಂಗುತ್ತಿದ್ದರಂತೆ. ಕೊನೆಯ ಮೂರು ತಿಂಗಳು ತಮ್ಮನೇ ಅವರ ಕೋಣೆಯಲ್ಲಿ ಮಲಗಿ ನೋಡಿಕೊಂಡದ್ದು. ನನಗೆ ಇದು ಗೊತ್ತೇ ಇರಲಿಲ್ಲ.

ಮೆಡಿಕಲ್ ಶಾಪ್ ಅಣ್ಣ (9:14): ‘ಅಂಗಡಿಯಲ್ಲಿ ಕೇಳಿ’ ಅಂತ ಎಲ್ಲಾ ಅಂಗಡಿಯವರನ್ನು ಬೈಯಬೇಡಿ. ಚೀಟಿ ಇಲ್ಲ ಅಂದರೆ ಕೌಂಟರಿನ ಮೇಲೆ ಕೈ ಹೊಡೆದು ಜಗಳ ಮಾಡುವವರು ನೀವೇ.

ಹೊಸನಗರದ ಮೇಷ್ಟ್ರು (9:15): ಜಗಳ ಮಾಡಿದರೆ ಕೊಟ್ಟುಬಿಡೋದಾ? ನಾಳೆ ನಾನು ಜಗಳ ಮಾಡಿ ಅಫೀಮು ಕೇಳಿದರೆ?

ಮೆಡಿಕಲ್ ಶಾಪ್ ಅಣ್ಣ (9:16): ಟಿಬಿ ಮಾತ್ರೆ ನಾವು ಚೀಟಿ ಇಲ್ಲದೆ ಕೊಡುವುದಿಲ್ಲ. ಅಂಥ ಔಷಧಿ ಯಾರಿಗೆ ಕೊಟ್ಟೆವು ಅಂತ ಬರೆಯುವ ಎಚ್1 ರಿಜಿಸ್ಟರ್ ಇದೆ, 2014ರಿಂದ ಬರೆಯುತ್ತಿದ್ದೇವೆ. ಗೊತ್ತಿಲ್ಲದೆ ಮಾತಾಡಬೇಡಿ ಮೇಷ್ಟ್ರೇ.

ಹೊಸನಗರದ ಮೇಷ್ಟ್ರು (9:17): ಲಿವೋಫ್ಲಾಕ್ಸಾಸಿನ್ ಯಾವ ರಿಜಿಸ್ಟರಿನಲ್ಲಿದೆ ಹಾಗಾದರೆ?

ಡಾಕ್ಟರ್ (9:18): ಅದೂ ಎಚ್1 ಪಟ್ಟಿಯಲ್ಲೇ ಇದೆ. ಅದೂ ಟಿಬಿ ಮಾತ್ರೆಯೇ. ಸಾಕು ಈ ಜಗಳ, ನಾನು ಬರೆಯುತ್ತಿದ್ದೇನೆ.

ಡಾಕ್ಟರ್ (9:37): ಸೋಗೆಮನೆಯವರೇ, ಈಗ ನನ್ನ ಲೆಕ್ಕವೇ ಬದಲಾಯಿತು. ಎಂಟೂವರೆಗೆ ಬರೆದದ್ದು ದೊಡ್ಡಪ್ಪನ ವಿಷಯ ಗೊತ್ತಿಲ್ಲದೆ. ‘ನೂರರಲ್ಲಿ ಮೂರು’ ಅನ್ನೋದು ಯಾವ ಸುಳಿವೂ ಇಲ್ಲದ ಹೊಸ ರೋಗಿಗೆ. ಮಾತ್ರೆ ಬಿಟ್ಟು ಬಿಟ್ಟು ತಿಂದು ತೀರಿಕೊಂಡವರ ಪಕ್ಕ ಮೂರು ತಿಂಗಳು ಮಲಗಿದವನಿಗೆ ಆ ಲೆಕ್ಕ ಹಿಡಿಯುವುದಿಲ್ಲ. ಈಗ ಆ ರಿಪೋರ್ಟ್ ನಿಜ ಇರುವ ಸಾಧ್ಯತೆಯೇ ಜಾಸ್ತಿ. ಸೋಂಕು ತಗುಲಿದವರಲ್ಲಿ ಕಾಯಿಲೆ ಏಳೋದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ. ಅದೂ ಹೊಂದುತ್ತದೆ.

ದೊಡ್ಡಪ್ಪನ ಎದೆಯಲ್ಲಿ ಏನಾಗಿರಬಹುದು ಅಂತ ಹೇಳುತ್ತೇನೆ. ಶ್ವಾಸಕೋಶದಲ್ಲಿ ಒಂದು ಗುಳಿ ಬಿದ್ದರೆ ಅದರೊಳಗೆ ಸುಮಾರು ಹತ್ತು ಕೋಟಿ ಕ್ರಿಮಿ ಇರಬಹುದು. ಐಸೋನಿಯಾಜಿಡ್‌ಗೆ ಬಗ್ಗದ ಕ್ರಿಮಿ ಹತ್ತು ಲಕ್ಷಕ್ಕೆ ಒಂದರಂತೆ ತಾನಾಗಿಯೇ ಹುಟ್ಟಿರುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ್ದು ಹತ್ತು ಕೋಟಿಗೆ ಒಂದು. ಎರಡಕ್ಕೂ ಬಗ್ಗದ್ದು ಒಂದೇ ಗುಳಿಯಲ್ಲಿ ಮೊದಲೇ ಇರೋದು ಬಹಳ ಅಪರೂಪ. ಅದಕ್ಕೇ ನಾಲ್ಕು ಮಾತ್ರೆ ಒಟ್ಟಿಗೆ ಕೊಡೋದು. ಇದರಿಂದ ತಪ್ಪಿಸಿಕೊಂಡದ್ದನ್ನು ಅದು ಹಿಡಿಯಲಿ ಅಂತ. ಎರಡು ತಿಂಗಳಿಗೆ ಹೆಚ್ಚಿನವು ಸಾಯುತ್ತವೆ, ಮೈ ತುಂಬುತ್ತದೆ, ಜ್ವರ ಬಿಡುತ್ತದೆ. ಒಳಗೆ ಮೊಂಡು ಕ್ರಿಮಿಗಳು ಉಳಿದಿರುತ್ತವೆ. ಆಮೇಲೆ ಬೇಕಾದಾಗ ಒಂದು ಮಾತ್ರೆ ಅಂದರೆ, ಬಗ್ಗುವವು ಸಾಯುತ್ತವೆ, ಬಗ್ಗದವಕ್ಕೆ ಜಾಗ ಖಾಲಿ ಮಾಡಿಕೊಟ್ಟ ಹಾಗೆ. ಅಡಿಕೆಯ ಕೊಳೆರೋಗಕ್ಕೆ ಅರ್ಧ ತೋಟಕ್ಕೆ ಮಾತ್ರ ಮದ್ದು ಹೊಡೆದ ಹಾಗೆ ಅಂದುಕೊಳ್ಳಿ.

ತಮ್ಮ ತಿಂದ ಲಿವೋಫ್ಲಾಕ್ಸಾಸಿನ್ ನನಗೆ ಇನ್ನೂ ಕಾಡುತ್ತಿದೆ. ಐದು ದಿನ ಅದೊಂದನ್ನೇ ತಿಂದರೂ ಕಫದಲ್ಲಿ ಕ್ರಿಮಿ ತಗ್ಗುತ್ತದೆ. ‘ವೆರಿ ಲೋ’ ಬಂದದ್ದು ಅದಕ್ಕೂ ಇರಬಹುದು. ಮುಂದೆ ಕೊಡಬೇಕಾದ ಔಷಧಿಯಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಇದೆ, ಅದೂ ಇದೇ ಜಾತಿಯದು. ಆ ಜಾತಿಗೆ ಕ್ರಿಮಿ ಬಗ್ಗುತ್ತದಾ ಅಂತಲೂ ಪರೀಕ್ಷೆ ಆಗಬೇಕು. ಕ್ರಿಮಿ ಇಷ್ಟು ಕಡಿಮೆ ಇದ್ದರೆ ಎಲ್‌ಪಿಎ ನೇರ ಕಫದಲ್ಲಿ ಆಗುವುದಿಲ್ಲ, ಕಲ್ಚರ್‌ನಲ್ಲಿ ಬೆಳೆಸಬೇಕು, ಆರು ವಾರದವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಸುಮ್ನೆ ಕೂರುವುದಿಲ್ಲ. ನಾಳೆಯೇ ಎರಡನೇ ಕಫ. ಸಿಬಿನಾಟ್‌ಗೆ ಎರಡು ಗಂಟೆ ಸಾಕು. ಅದೂ ಹಾಗೇ ಬಂದರೆ ಇಸಿಜಿ, ರಕ್ತ ನೋಡಿ ಚಿಕಿತ್ಸೆ ಶುರು.

ಹೆದರಬೇಡಿ. ಎಂಡಿಆರ್ ಅಂದರೆ ಎರಡು ವರ್ಷ, ತಿಂಗಳುಗಟ್ಟಲೆ ಸೂಜಿ, ಕಿವಿ ಕೇಳದೆ ಹೋಗೋದು ಅಂತ ಇದ್ದ ಕಾಲವನ್ನು ನಾನೂ ನೋಡಿದ್ದೇನೆ. ಈಗ ಬೆಡಾಕ್ವಿಲಿನ್, ಪ್ರೆಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ನಾಲ್ಕು ಸೇರಿಸಿ 26 ವಾರದ ಚಿಕಿತ್ಸೆ ಇದೆ. ನಮ್ಮ ದೇಶದಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಎಲ್ಲಾ ಮಾತ್ರೆಯೇ, ಸರ್ಕಾರಿ ವ್ಯವಸ್ಥೆಯಲ್ಲಿ ದುಡ್ಡಿಲ್ಲ. ಕಾಲು ಜೋಮು ಹಿಡಿದರೆ, ಎದೆ ಡವಡವ ಅಂದರೆ, ಕಣ್ಣು ಮಂಜಾದರೆ ಅದೇ ದಿನ ಹೇಳಬೇಕು. ಮಾತ್ರೆ ತಾನಾಗಿ ಬಿಡಬಾರದು.

ಇವತ್ತು ರಾತ್ರಿಯಿಂದಲೇ ಅವನನ್ನು ಒಳಗಿನ ಕತ್ತಲೆ ಕೋಣೆಯಿಂದ ಜಗಲಿಗೆ ಕರೆತನ್ನಿ. ನಮ್ಮ ಮನೆಗಳಲ್ಲಿ ಮಳೆ ಅಂತ ಮೂರು ತಿಂಗಳು ಕಿಟಕಿ ಮುಚ್ಚಿ, ಕಾಯಿಲೆಯವರನ್ನು ಬೆಚ್ಚಗೆ ಒಳಗೆ ಇಡುತ್ತೇವೆ. ಈ ಕ್ರಿಮಿಗೆ ಬೇಕಾದದ್ದೂ ಅದೇ. ತಟ್ಟೆ ಲೋಟ ಬೇರೆ ಮಾಡಬೇಡಿ, ಅದರಿಂದ ಹರಡುವುದಿಲ್ಲ. ಗಾಳಿ ಆಡಲಿ, ಮಾಸ್ಕ್ ಇರಲಿ.

ಈಚಲ ಮರ (9:41): ಮೇಡಂ, ಕೊಳೆಗೆ ನೀವು ಹೇಳಿದ ಹಾಗೆ ಆಗುವುದಿಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೊ ದ್ರಾವಣಕ್ಕೆ ಕೊಳೆ ಅಷ್ಟು ಸುಲಭಕ್ಕೆ ರೆಸಿಸ್ಟೆನ್ಸ್ ಬೆಳೆಸಿಕೊಳ್ಳುವುದಿಲ್ಲ. ಮೈಲುತುತ್ತ ಶಿಲೀಂಧ್ರಕ್ಕೆ ಹತ್ತು ಕಡೆಯಿಂದ ಹೊಡೆಯುತ್ತದೆ. ಒಂದೇ ಕಡೆ ಹೊಡೆಯುವ ಮೆಟಲಾಕ್ಸಿಲ್ ಥರದ ಮದ್ದಿಗೆ ಬೇಕಾದರೆ ಆ ಮಾತು ಹೇಳಿ.

ಕಾಫಿ ಗಿಡ (9:43): ಮೊದಲು ನಿಮ್ಮ ಮೈಲುತುತ್ತ ಒಳ್ಳೆಯದಾ ನೋಡಿ. ಹೋದ ವರ್ಷ ನಾವು ಮೂರು ಸಲ ಹೊಡೆದರೂ ಕಾಯಿ ಉದುರಿತು.

ಈಚಲ ಮರ (9:44): ಸುಣ್ಣ ಸರಿ ಕೂಡದೆ ಉದುರಿರುತ್ತದೆ. ದ್ರಾವಣಕ್ಕೆ ಕಬ್ಬಿಣ ಅದ್ದಿ ನೋಡಿದಿರಾ?

ಕಾಫಿ ಗಿಡ (9:45): 30 ವರ್ಷದಿಂದ ಹೊಡೆಯುತ್ತಿದ್ದೇನೆ ಸ್ವಾಮಿ, ನನಗೆ ಕಲಿಸಬೇಡಿ.

ಡಾಕ್ಟರ್ (9:46): ಒಪ್ಪಿದೆ, ಹೋಲಿಕೆ ತಪ್ಪು. ಆದರೆ ಹತ್ತು ಕಡೆಯಿಂದ ಹೊಡೆಯೋದು ಅಂತ ನೀವು ಹೇಳಿದ್ದೇ ನಾಲ್ಕು ಮಾತ್ರೆಯ ಗುಟ್ಟು. ತೋಟದ ಜಗಳ ಬೇರೆ ಕಡೆ ಮಾಡಿ.

ಕೆಳದಿ ಕಣ (9:48): ಟಿಬಿ ರೋಗಿಯ ಊಟಕ್ಕೆ ಅಂತ ಕೊಡುವ ಸರ್ಕಾರದ ದುಡ್ಡು ಬಂದಿಲ್ಲ. 500 ಅಲ್ವಾ ತಿಂಗಳಿಗೆ?

ಆಶಾ ಅಕ್ಕ (9:49): 2024ರ ನವೆಂಬರ್‌ನಿಂದ 1000 ಆಗಿದೆ ಅಣ್ಣ. ಹೆಸರು ಸರ್ಕಾರದ ಟಿಬಿ ರೋಗಿಗಳ ಪಟ್ಟಿ ನಿಕ್ಷಯ್‌ನಲ್ಲಿ ಸೇರಿದೆಯಾ, ಬ್ಯಾಂಕ್ ಖಾತೆ ನಂಬರ್ ಸರಿ ಕೊಟ್ಟಿದ್ದೀರಾ ನೋಡಿ. ನಿಮ್ಮ ಊರಿನ ಆಶಾ ಹತ್ತಿರ ಕೇಳಿ.

ಮಲೆನಾಡ ಸಿರಿ (9:50): 26 ವಾರ ಇಷ್ಟೊಂದು ಕೆಮಿಕಲ್ ತಿಂದರೆ ಲಿವರ್ ಉಳಿಯುತ್ತದಾ? ಅದರ ಜೊತೆ ಅಮೃತಬಳ್ಳಿ ಕಷಾಯ ಕೊಟ್ಟರೆ ಲಿವರ್ ಶುದ್ಧಿ. ಯೂಟ್ಯೂಬಿನಲ್ಲಿ ಒಬ್ಬ ವೈದ್ಯರೇ ಹೇಳಿದ್ದಾರೆ.

ಡಾಕ್ಟರ್ (9:52): ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟು ಬಂದವರ ವರದಿಗಳು ಕೋವಿಡ್ ಹೊತ್ತಿನಲ್ಲಿ ನಮ್ಮ ದೇಶದಲ್ಲೇ ಬಂದಿವೆ. ಟಿಬಿ ಮಾತ್ರೆಯ ಜೊತೆ ಯಾವ ಕಷಾಯವೂ ಬೇಡ. ಕಣ್ಣು ಹಳದಿ ಆದರೆ ಯಾವುದರಿಂದ ಅಂತ ನಾನು ಹೇಗೆ ಹೇಳಲಿ? ಇದೇ ಮಾತು ಮೂರನೇ ಸಲ ಬರೆಯುವುದಿಲ್ಲ.

ಮಲೆನಾಡ ಸಿರಿ (9:53): ಕೇಳಿದ್ದಕ್ಕೆ ಇಷ್ಟು ಸಿಟ್ಟಾ? ನಮ್ಮ ಹಿರಿಯರಿಗೆ ಅವಮಾನ.

ಹೊಸನಗರದ ಮೇಷ್ಟ್ರು (9:53): ನೀವು ಕೇಳಲಿಲ್ಲ, ಹೇಳಿದಿರಿ.

*ಮಲೆನಾಡ ಸಿರಿ ಗುಂಪಿನಿಂದ ಹೊರಹೋಗಿದ್ದಾರೆ*

ಮಂಜಿನ ಹಾದಿ (9:55): ಮೇಡಂ, ನನ್ನ ಪ್ರಶ್ನೆ ನೋಡಿದಿರಾ? ಮದುವೆಯದು.

ಸೋಗೆಮನೆ (9:57): ಮೇಡಂ, ಮನೆಯಲ್ಲಿ ಉಳಿದವರಿಗೆ ಈಗಲೇ ಏನಾದರೂ ಮಾತ್ರೆ ಬೇಕಾ? ದೊಡ್ಡಪ್ಪನ ಮೊಮ್ಮಕ್ಕಳು ಇಬ್ಬರಿದ್ದಾರೆ, 4 ಮತ್ತು 7 ವರ್ಷ. ಐಸೋನಿಯಾಜಿಡ್ ಕೊಡುತ್ತಾರೆ ಅಂತ ಕೇಳಿದ್ದೇನೆ.

ಡಾಕ್ಟರ್ (10:04): ಮೊದಲು ಎಲ್ಲರಿಗೂ ತಪಾಸಣೆ, ಆಮೇಲೆ ಮಾತ್ರೆ. ಕಾಯಿಲೆಯೇ ಇದ್ದವರಿಗೆ ತಡೆ ಮಾತ್ರೆ ಒಂದನ್ನು ಕೊಟ್ಟರೆ ಮತ್ತೊಬ್ಬ ದೊಡ್ಡಪ್ಪ ತಯಾರಾಗುತ್ತಾರೆ. ತಮ್ಮನಿಗೆ ಎಂಡಿಆರ್ ಅಂತ ಖಚಿತವಾದರೆ ಮಕ್ಕಳಿಗೆ ಐಸೋನಿಯಾಜಿಡ್ ಉಪಯೋಗವಿಲ್ಲ. ಅಂಥ ಮನೆಯವರಿಗೆ 6 ತಿಂಗಳು ಲಿವೋಫ್ಲಾಕ್ಸಾಸಿನ್ ಕೊಡಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೇಳಿದೆ. ಅದನ್ನೂ ತಮ್ಮನ ಪೂರ್ತಿ ರಿಪೋರ್ಟ್ ಬಂದ ಮೇಲೆ ನೋಡಿ ನಿರ್ಧರಿಸುವುದು. ನೀವಾಗಿ ತಂದು ಕೊಡಬೇಡಿ.

ಕಫ ಹೇಗೆ ತೆಗೆಯೋದು ಗೊತ್ತಾ? ಬೆಳಿಗ್ಗೆ ಎದ್ದ ತಕ್ಷಣ, ಬಾಯಿ ಬರಿ ನೀರಲ್ಲಿ ಮುಕ್ಕಳಿಸಿ, ಅಂಗಳಕ್ಕೆ ಬಂದು ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯಿಂದ ಕೆಮ್ಮಿ ತೆಗೆಯಬೇಕು. ಉಗುಳು ತಂದರೆ ಮತ್ತೆ ‘ವೆರಿ ಲೋ’ ಅಂತಲೇ ಬರುತ್ತದೆ.

ಗಾಜನೂರು ಗೆಳೆಯ (10:05): ಮೇಡಂ ಇವತ್ತೂ ಕೆಂಪಗೇ ಹೋಯಿತು

ಸೋಗೆಮನೆ (10:08): ಆಯಿತು ಮೇಡಂ. ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇವೆ. ಇನ್ನೊಂದೇ ಒಂದು. ದೊಡ್ಡಮ್ಮನೂ ಒಂದು ತಿಂಗಳಿಂದ ಕೆಮ್ಮುತ್ತಿದ್ದಾರೆ. ಅಡಿಕೆ ಬೇಯಿಸುವ ಒಲೆಯ ಹೊಗೆಗೆ ಅಂತ ಹೇಳುತ್ತಾರೆ.

ಡಾಕ್ಟರ್ (10:09): ಅಡಿಕೆ ಬೇಯಿಸಿ ಎಷ್ಟು ದಿನವಾಯಿತು?

ಸೋಗೆಮನೆ (10:10): ಈ ವರ್ಷದ್ದು ಇನ್ನೂ ಶುರುವಾಗಿಲ್ಲ ಮೇಡಂ.

ಡಾಕ್ಟರ್ (10:10): ಅವರನ್ನೂ ಅದೇ ಬಸ್ಸಿಗೆ ಹತ್ತಿಸಿ. ಕಿಟಕಿ ಪಕ್ಕ ಕೂರಿಸಿ, ಕಿಟಕಿ ತೆಗೆದಿರಲಿ.